ಕ್ರಿಯಾಟಿನಿನ್ ನಾರ್ಮಲ್ ಇದ್ದಾಗಲೇ ಪಿಕೆಡಿಯ ಅಪಾಯ ಅಳೆಯುವುದು ಹೇಗೆ?

ಸ್ಕ್ಯಾನಿಂಗ್ ವರದಿಯಲ್ಲಿ ಎರಡೂ ಕಿಡ್ನಿ ತುಂಬ ನೀರಿನ ಗುಳ್ಳೆ, ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕಬೇಕಾದ ತ್ಯಾಜ್ಯ) 0.9, ಅಂದರೆ ನಾರ್ಮಲ್. ‘ಈಗೇನೂ ತೊಂದರೆಯಿಲ್ಲ, ವರ್ಷಕ್ಕೊಮ್ಮೆ ತೋರಿಸಿ’ ಎಂದು ಹೇಳಿ ಕಳಿಸಿದ್ದಾರೆ. ಆದರೆ ಅಪ್ಪನಿಗೆ ಐವತ್ತು ದಾಟುತ್ತಲೇ ಡಯಾಲಿಸಿಸ್ ಶುರುವಾಗಿತ್ತು; ನನಗೂ ಹಾಗೇ ಆಗುತ್ತದೆಯೇ? ಓದುಗರು ಬೇರೆ ಬೇರೆ ಮಾತಿನಲ್ಲಿ ಕೇಳುವುದು ಇದೊಂದನ್ನೇ.

ಮನೆತನದಲ್ಲಿ ಹರಿದುಬಂದು ಕಿಡ್ನಿ ತುಂಬ ಗುಳ್ಳೆ ಬೆಳೆಸುವ ಪಾಲಿಸಿಸ್ಟಿಕ್ ಕಿಡ್ನಿ ಡಿಸೀಸ್, ಅಂದರೆ ಪಿಕೆಡಿಯಲ್ಲಿ ಕ್ರಿಯಾಟಿನಿನ್ ನಂಬಿ ಕೂತರೆ ಮೋಸ ಹೋಗುತ್ತೀರಿ. ಒಂದೊಂದು ಕಿಡ್ನಿಯಲ್ಲೂ ಸುಮಾರು ಹತ್ತು ಲಕ್ಷ ನೆಫ್ರಾನ್‌ಗಳು, ಅಂದರೆ ರಕ್ತ ಸೋಸುವ ಸೂಕ್ಷ್ಮ ಘಟಕಗಳು ಇರುತ್ತವೆ. ಗುಳ್ಳೆ ಬೆಳೆದು ಒಂದಷ್ಟು ನೆಫ್ರಾನ್ ಹಾಳಾದರೆ, ರಜೆ ಹಾಕಿದವರ ಕೆಲಸವನ್ನೂ ಎಳೆದುಕೊಂಡು ಮಾಡುವ ಆಫೀಸಿನವರ ಹಾಗೆ, ಉಳಿದವು ಹೆಚ್ಚು ದುಡಿಯುತ್ತವೆ. ಹೀಗೆ ಇಪ್ಪತ್ತು ಮೂವತ್ತು ವರ್ಷ ವರದಿ ಚೆನ್ನಾಗಿಯೇ ಕಾಣುತ್ತದೆ. ಕ್ರಿಯಾಟಿನಿನ್ ಏರತೊಡಗುವ ಹೊತ್ತಿಗೆ ಹೋದದ್ದು ಹೋಗಿರುತ್ತದೆ, ಅದು ವಾಪಸ್ ಬರುವುದಿಲ್ಲ. ಆದ್ದರಿಂದ ಬೇರೆ ಅಳತೆಗಳು ಬೇಕು: ವಯಸ್ಸಿಗೆ ಹೋಲಿಸಿದರೆ ಕಿಡ್ನಿಯ ಗಾತ್ರ ಎಷ್ಟು, ಬಿಪಿ ಯಾವಾಗ ಶುರುವಾಯಿತು, ಮನೆತನದಲ್ಲಿ ಯಾರಿಗೆ ಯಾವಾಗ ಏನಾಯಿತು, ಜೀನ್ ಯಾವುದು. ಇವನ್ನೆಲ್ಲ ಒಂದೇ ಹಾಳೆಯ ಮೇಲೆ ತರುವ ಕ್ರಮ ಹೀಗಿದೆ.

ಶುರು ಮಾಡುವ ಮೊದಲು ಕೈಗೆ ಬೇಕಾದವು: ಹಳೆಯ ಸ್ಕ್ಯಾನ್ ವರದಿಗಳೆಲ್ಲ (ಫಿಲ್ಮ್ ಅಥವಾ ಸಿಡಿ ಇದ್ದರೆ ಅದೂ), ಸಿಕ್ಕಷ್ಟು ವರ್ಷಗಳ ಕ್ರಿಯಾಟಿನಿನ್ ಅಂಕಿಗಳು, ತೋಳಿಗೆ ಕಟ್ಟುವ ಡಿಜಿಟಲ್ ಬಿಪಿ ಯಂತ್ರ, ಟೇಪಿನಲ್ಲಿ ಅಳೆದ ನಿಮ್ಮ ಎತ್ತರ, ಒಂದು ನೋಟ್‌ಬುಕ್ಕು. ಕಂಪನಿಯ ವಾರ್ಷಿಕ ಹೆಲ್ತ್ ಚೆಕಪ್ ವರದಿಗಳನ್ನು ಇಮೇಲ್‌ನಲ್ಲಿ ಹುಡುಕಿ. ಬೆಂಗಳೂರಿನ ಬಹಳಷ್ಟು ಉದ್ಯೋಗಿಗಳ ಐದಾರು ವರ್ಷಗಳ ಕ್ರಿಯಾಟಿನಿನ್ ಅಲ್ಲೇ ಬಿದ್ದಿರುತ್ತದೆ, ಯಾರೂ ತೆಗೆದು ನೋಡಿರುವುದಿಲ್ಲ.

1. ಇದು ಪಿಕೆಡಿಯೇ ಎಂದು ಮೊದಲು ಖಚಿತವಾಗಲಿ

ವಯಸ್ಸಾದಂತೆ ಕಿಡ್ನಿಯಲ್ಲಿ ಒಂದೆರಡು ಸಾದಾ ಗುಳ್ಳೆ ಕಾಣಿಸಿಕೊಳ್ಳುವುದು ಸಾಮಾನ್ಯ, ಅದು ಈ ಕಾಯಿಲೆಯಲ್ಲ. ತಂದೆ ಅಥವಾ ತಾಯಿಗೆ ಪಿಕೆಡಿ ಇದ್ದವರಿಗೆ ಅಲ್ಟ್ರಾಸೌಂಡ್ ಲೆಕ್ಕ ಹೀಗೆ: 15ರಿಂದ 39 ವಯಸ್ಸಿನಲ್ಲಿ ಎರಡೂ ಕಿಡ್ನಿ ಸೇರಿ ಕನಿಷ್ಠ 3 ಗುಳ್ಳೆ, 40ರಿಂದ 59ರಲ್ಲಿ ಒಂದೊಂದರಲ್ಲೂ ಕನಿಷ್ಠ 2, 60 ದಾಟಿದವರಲ್ಲಿ ಒಂದೊಂದರಲ್ಲೂ ಕನಿಷ್ಠ 4. ಮನೆಯಲ್ಲಿ ಯಾರಿಗೂ ಇಲ್ಲದಿದ್ದರೆ ಈ ಲೆಕ್ಕ ಹೊಂದುವುದಿಲ್ಲ. ಕಿಡ್ನಿ ತಜ್ಞರು, ಅಂದರೆ ನೆಫ್ರಾಲಜಿಸ್ಟ್, ನೋಡಿ ನಿರ್ಧರಿಸಬೇಕು. ಮೂತ್ರದ ಹಾದಿಯ ಶಸ್ತ್ರಚಿಕಿತ್ಸೆ ಮಾಡುವ ಯೂರಾಲಜಿಸ್ಟ್ ಬೇರೆ. ಮೊದಲು ಹೋಗಬೇಕಾದದ್ದು ನೆಫ್ರಾಲಜಿಸ್ಟ್ ಹತ್ತಿರ. ಸರ್ಕಾರಿ ವ್ಯವಸ್ಥೆಯಲ್ಲಿ ತೋರಿಸುವವರಿಗೆ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ನೆಫ್ರೋ ಯೂರಾಲಜಿ ಸಂಸ್ಥೆ ಇದೆ.

2. ಮನೆತನದ ಪಟ್ಟಿ ಬರೆಯಿರಿ

ತಂದೆ ಅಥವಾ ತಾಯಿ, ಅವರ ಅಣ್ಣತಮ್ಮಂದಿರು, ಅಕ್ಕತಂಗಿಯರು, ಅಜ್ಜ ಅಜ್ಜಿ, ನಿಮ್ಮ ಒಡಹುಟ್ಟಿದವರು. ಕಾಯಿಲೆ ಇದ್ದ ಒಬ್ಬೊಬ್ಬರ ಮುಂದೆಯೂ ಮೂರು ವಿಷಯ ಬರೆಯಿರಿ: ಬಿಪಿ ಯಾವ ವಯಸ್ಸಿಗೆ ಬಂತು, ಡಯಾಲಿಸಿಸ್ ಅಥವಾ ಕಸಿ ಯಾವ ವಯಸ್ಸಿಗೆ ಆಯಿತು, ಹಠಾತ್ ಸಾವು ಅಥವಾ ಮೆದುಳಿನ ರಕ್ತಸ್ರಾವ ಆಗಿತ್ತೇ. ‘ಬಿಪಿ ಹೆಚ್ಚಾಗಿ ಹೋದರು’, ‘ತಲೆನೋವು ಅಂತ ಮಲಗಿದವರು ಏಳಲಿಲ್ಲ’ ಎಂಬ ಹಳೆಯ ಮಾತುಗಳನ್ನೂ ಬಿಡಬೇಡಿ.

ಮನೆತನದಲ್ಲಿ ಒಬ್ಬರಿಗಾದರೂ 55ರೊಳಗೆ ಕಿಡ್ನಿ ಪೂರ್ತಿ ಸೋತಿದ್ದರೆ ಪಿಕೆಡಿ1 ಜೀನ್‌ನ ದೋಷ ಇರುವ ಸಾಧ್ಯತೆ ಬಲವಾಗಿದೆ. ಅದು ವೇಗದ ಬಗೆ. ಕಾಯಿಲೆ ಇದ್ದೂ ಯಾರಾದರೂ 70 ದಾಟಿ ಡಯಾಲಿಸಿಸ್ ಇಲ್ಲದೆ ಬದುಕಿದ್ದರೆ, ನಿಧಾನದ ಪಿಕೆಡಿ2 ಕಡೆಗೆ ಬೆರಳು ತೋರಿಸುತ್ತದೆ. ಆದರೂ ಒಂದೇ ಮನೆಯಲ್ಲಿ ಒಂದೇ ದೋಷ ಹೊತ್ತ ಅಣ್ಣತಮ್ಮಂದಿರ ಗತಿ ಬೇರೆಬೇರೆಯಾಗುವುದುಂಟು. ಅಪ್ಪನ ವಯಸ್ಸನ್ನು ನಿಮ್ಮ ಗಡುವು ಎಂದು ಬರೆದಿಟ್ಟುಕೊಳ್ಳಬೇಡಿ.

ನಮ್ಮಲ್ಲಿ ಇಲ್ಲೊಂದು ಗೊಂದಲ ಪದೇ ಪದೇ ಬರುತ್ತದೆ. ‘ಸೋದರಮಾವನನ್ನೇ ಮದುವೆಯಾದದ್ದಕ್ಕೆ ಹೀಗಾಯಿತು’ ಎಂದು ಹೆಣ್ಣಿನ ಕಡೆಯವರನ್ನು ದೂರುವುದು. ದೊಡ್ಡವರಲ್ಲಿ ಕಾಣುವ ಈ ಪಿಕೆಡಿಗೂ ಸಂಬಂಧದೊಳಗಿನ ಮದುವೆಗೂ ನಂಟಿಲ್ಲ. ತಂದೆತಾಯಿಯರಲ್ಲಿ ಒಬ್ಬರಿಗಿದ್ದರೆ ಸಾಕು, ಪ್ರತಿ ಮಗುವಿಗೂ ಶೇ 50ರಷ್ಟು ಸಾಧ್ಯತೆ. ಮಗ, ಮಗಳು ಎಂಬ ಭೇದವಿಲ್ಲ. ಸಂಬಂಧದೊಳಗಿನ ಮದುವೆಯಿಂದ ಹೆಚ್ಚಾಗುವುದು ಹುಟ್ಟಿನಿಂದಲೇ ಕಾಣಿಸಿಕೊಳ್ಳುವ ಇನ್ನೊಂದು ಅಪರೂಪದ ಬಗೆ. ಅದರ ಜೀನೇ ಬೇರೆ.

3. ಕಿಡ್ನಿಯ ಗಾತ್ರ ಅಳೆಸಿ, ವಯಸ್ಸಿನೊಂದಿಗೆ ಹೋಲಿಸಿ

ಇಡೀ ಲೆಕ್ಕದಲ್ಲಿ ಹೆಚ್ಚು ತೂಕದ ಹಂತ ಇದೇ, ಹೆಚ್ಚು ಜನ ಬಿಟ್ಟುಬಿಡುವುದೂ ಇದನ್ನೇ. ವರದಿಯಲ್ಲಿ ‘ಎರಡೂ ಕಿಡ್ನಿ ದೊಡ್ಡದಾಗಿವೆ, ಅನೇಕ ಗುಳ್ಳೆಗಳಿವೆ’ ಎಂದಷ್ಟೇ ಇದ್ದರೆ ಪ್ರಯೋಜನವಿಲ್ಲ. ಸೆಂಟಿಮೀಟರ್‌ನಲ್ಲಿ ಅಂಕಿ ಬೇಕು.

ಒಳ್ಳೆಯ ಅಳತೆ ಸಿಗುವುದು ಎಂಆರ್‌ಐನಲ್ಲಿ. ಗಾತ್ರ ಅಳೆಯಲು ಕಾಂಟ್ರಾಸ್ಟ್ ಇಂಜೆಕ್ಷನ್ ಬೇಕಿಲ್ಲ. ಡಾಕ್ಟರ ಚೀಟಿಯಲ್ಲಿ ‘ಎರಡೂ ಕಿಡ್ನಿಯ ಉದ್ದ, ಅಗಲ, ದಪ್ಪ ಮತ್ತು ಒಟ್ಟು ಗಾತ್ರ’ ಎಂದು ಸ್ಪಷ್ಟವಾಗಿ ಬರೆಸಿಕೊಂಡು ಹೋಗಿ. ಸ್ಕ್ಯಾನ್ ಮುಗಿದ ಮೇಲೆ ಕೇಳಿದರೆ ಸಾಮಾನ್ಯವಾಗಿ ಸಿಗುವುದಿಲ್ಲ. ಎಂಆರ್‌ಐ ಖರ್ಚು ಕಷ್ಟವಾದರೆ ಅಲ್ಟ್ರಾಸೌಂಡ್‌ನಲ್ಲಿ ಕನಿಷ್ಠ ಉದ್ದವಾದರೂ ಗೊತ್ತಾಗಲಿ. ಸಾಮಾನ್ಯ ಕಿಡ್ನಿ 9ರಿಂದ 12 ಸೆಂ.ಮೀ. ಉದ್ದ ಇರುತ್ತದೆ, 45 ವಯಸ್ಸಿನೊಳಗೇ 16.5 ಸೆಂ.ಮೀ. ದಾಟಿದ್ದರೆ ಅದು ವೇಗದ ಲಕ್ಷಣ.

ಲೆಕ್ಕ ಹೀಗೆ: ಉದ್ದ × ಅಗಲ × ದಪ್ಪ × 0.52 = ಒಂದು ಕಿಡ್ನಿಯ ಗಾತ್ರ, ಮಿ.ಲೀ.ನಲ್ಲಿ. ಬಲಗಡೆಯದು 15 × 7.5 × 7 ಸೆಂ.ಮೀ. ಇದ್ದರೆ ಸುಮಾರು 410 ಮಿ.ಲೀ. ಎಡಗಡೆಯದು 16 × 8 × 7 ಇದ್ದರೆ ಸುಮಾರು 470. ಒಟ್ಟು 880. ಇದನ್ನು ಮೀಟರ್‌ನಲ್ಲಿ ನಿಮ್ಮ ಎತ್ತರದಿಂದ ಭಾಗಿಸಿ, 1.65 ಮೀಟರ್ ಎತ್ತರದವರಿಗೆ ಸುಮಾರು 533 ಬರುತ್ತದೆ.

ಇದನ್ನು ವಯಸ್ಸಿನೊಂದಿಗೆ ಕೂಡಿಸಿ ನೋಡುವುದಕ್ಕೆ ಮೇಯೋ ವರ್ಗೀಕರಣ ಎನ್ನುತ್ತಾರೆ. ಅಮೆರಿಕದ ಮೇಯೋ ಕ್ಲಿನಿಕ್ ರೂಪಿಸಿದ ಇದರಲ್ಲಿ 1ಎ ಇಂದ 1ಇ ವರೆಗೆ ಐದು ದರ್ಜೆ. ಕಿಡ್ನಿ ವರ್ಷಕ್ಕೆ ಅಂದಾಜು ಶೇ 1.5ಕ್ಕಿಂತ ಕಡಿಮೆ ಬೆಳೆಯುತ್ತಿದ್ದರೆ 1ಎ. ಅಲ್ಲಿಂದ ಮುಂದೆ ದರ್ಜೆಗೆ ಶೇ 1.5ರಂತೆ ಏರುತ್ತ, ಶೇ 6 ದಾಟಿದರೆ 1ಇ. ಮೇಲಿನ 533ನ್ನೇ ತೆಗೆದುಕೊಳ್ಳಿ. ಅದು 50 ವಯಸ್ಸಿನವರದಾದರೆ ದರ್ಜೆ 1ಬಿ, ಗಾಬರಿ ಬೇಕಿಲ್ಲ. 32ರವರದಾದರೆ 1ಸಿ. 25ರವರದಾದರೆ 1ಡಿ. ಅದೇ ಕಿಡ್ನಿ, ಅದೇ ಗಾತ್ರ. ಬದಲಾದದ್ದು ವಯಸ್ಸು ಮಾತ್ರ. ‘ನನ್ನ ಕಿಡ್ನಿ 15 ಸೆಂಟಿಮೀಟರ್, ಅಪಾಯವೇ?’ ಎಂದು ವಯಸ್ಸು ಹೇಳದೆ ಕೇಳುವವರಿಗೆ ಉತ್ತರ ಕೊಡಲಾಗದಿರುವುದು ಇದಕ್ಕೇ. 1ಸಿ, 1ಡಿ, 1ಇ ದರ್ಜೆಗಳನ್ನು ವೇಗವಾಗಿ ಕೆಡುವ ಸಾಧ್ಯತೆ ಇರುವವು ಎಂದು ಪರಿಗಣಿಸುತ್ತಾರೆ.

ಎಡವುವ ಜಾಗಗಳು ಎರಡು. ಗುಳ್ಳೆಗಳು ಒಂದೇ ಕಿಡ್ನಿಯಲ್ಲಿದ್ದರೆ, ಅಥವಾ ನಾಲ್ಕೈದು ದೊಡ್ಡ ಗುಳ್ಳೆಗಳೇ ಗಾತ್ರದ ಬಹುಪಾಲು ಆಕ್ರಮಿಸಿದ್ದರೆ ಈ ವರ್ಗೀಕರಣ ನಡೆಯುವುದಿಲ್ಲ. ಅದನ್ನು ಎರಡನೇ ವರ್ಗ ಎಂದು ಪ್ರತ್ಯೇಕವಾಗಿ ಇಡುತ್ತಾರೆ. ಇನ್ನೊಂದು: ಒಂದು ವರ್ಷ ಅಲ್ಟ್ರಾಸೌಂಡ್, ಮರುವರ್ಷ ಎಂಆರ್‌ಐ ಮಾಡಿಸಿ ‘ಕಿಡ್ನಿ ಬೆಳೆದಿದೆ’ ಎಂದು ಹೆದರುವುದು. ಬೇರೆ ವಿಧಾನದ ಅಳತೆಗಳನ್ನು ಪಕ್ಕಪಕ್ಕ ಇಡಬಾರದು. ವರ್ಷವರ್ಷ ಎಂಆರ್‌ಐ ಬೇಕಾಗಿಯೂ ಇಲ್ಲ.

4. ಬಿಪಿಯನ್ನು ಮನೆಯಲ್ಲೇ ನೋಡಿಕೊಳ್ಳಿ

ಗುಳ್ಳೆಗಳು ಪಕ್ಕದ ರಕ್ತನಾಳಗಳನ್ನು ಒತ್ತಿದಾಗ, ತನಗೆ ರಕ್ತ ಸಾಲುತ್ತಿಲ್ಲವೆಂದು ಭಾವಿಸುವ ಕಿಡ್ನಿ ರೆನಿನ್ ಎಂಬ ರಾಸಾಯನಿಕ ಬಿಡುತ್ತದೆ, ಬಿಪಿ ಏರುತ್ತದೆ. ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಕ್ರಿಯಾಟಿನಿನ್ ಕೆಡುವ ಮೊದಲೇ, ಸುಮಾರು ಮೂವತ್ತರ ಆಸುಪಾಸಿನಲ್ಲೇ ಇದು ಆಗಿರುತ್ತದೆ. 35ರೊಳಗೆ ಬಿಪಿ ಬರುವುದು ಮುಂದೆ ಕಿಡ್ನಿ ಬೇಗ ಸೋಲಬಹುದು ಎಂಬುದರ ಸೂಚನೆ. ನಿಮ್ಮ ಕೈಯಿಂದ ಬದಲಾಯಿಸಬಹುದಾದ ಅಂಶಗಳಲ್ಲಿ ಮೊದಲನೆಯದೂ ಇದೇ.

ಅಳೆಯುವ ರೀತಿ: ಕಾಫಿ ಕುಡಿದು ಅರ್ಧ ಗಂಟೆ ಕಳೆದಿರಲಿ, ಮೂತ್ರ ಕಟ್ಟಿಕೊಂಡಿರಬಾರದು. ಬೆನ್ನಿಗೆ ಆಸರೆ ಕೊಟ್ಟು, ಕಾಲು ನೆಲಕ್ಕೆ ಊರಿ ಐದು ನಿಮಿಷ ಸುಮ್ಮನೆ ಕೂತು, ತೋಳನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲಿಡಿ. ಬೆಳಿಗ್ಗೆ ಮಾತ್ರೆಗೆ ಮೊದಲು ಎರಡು ಸಲ, ರಾತ್ರಿ ಎರಡು ಸಲ, ನಡುವೆ ಒಂದು ನಿಮಿಷ ಬಿಡುವು. ಹೀಗೆ ಏಳು ದಿನ. ಮೊದಲ ದಿನದ್ದನ್ನು ಬಿಟ್ಟು ಉಳಿದ ಆರು ದಿನದ ಸರಾಸರಿ ತೆಗೆಯಿರಿ. ಮಣಿಕಟ್ಟಿಗೆ ಕಟ್ಟುವ ಯಂತ್ರ ಬೇಡ. ತೋಳು ದಪ್ಪಗಿರುವವರು ದೊಡ್ಡ ಪಟ್ಟಿಯನ್ನೇ ಕೊಳ್ಳಿ. ಪಟ್ಟಿ ಚಿಕ್ಕದಾದರೆ ಬಿಪಿ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಸಂಜೆಯ ಟ್ರಾಫಿಕ್ಕಿನಲ್ಲಿ ಬೆಂದು ಮನೆ ಹೊಕ್ಕ ತಕ್ಷಣ ನೋಡಿದ ಅಂಕಿಯನ್ನು ಬರೆಯಲೇಬೇಡಿ.

ಗುರಿ ಎಷ್ಟು? ಮಾಮೂಲಿ 140/90 ಇಲ್ಲಿ ಸಾಲದು. 18ರಿಂದ 49 ವಯಸ್ಸಿನ, ಕಿಡ್ನಿ ಇನ್ನೂ ಚೆನ್ನಾಗಿ ಸೋಸುತ್ತಿರುವವರಿಗೆ, ತಲೆಸುತ್ತು ಬಾರದಿದ್ದರೆ, 110/75ರ ವರೆಗೂ ಇಳಿಸಲು ಈಗಿನ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಹೀಗೆ ಇಳಿಸಿದ ಎಳೆಯ ವಯಸ್ಸಿನವರಲ್ಲಿ ಕಿಡ್ನಿ ದೊಡ್ಡದಾಗುವ ವೇಗ ಸುಮಾರು ಶೇ 14ರಷ್ಟು ತಗ್ಗಿದ್ದು ಹಾಲ್ಟ್-ಪಿಕೆಡಿ ಎಂಬ ದೊಡ್ಡ ಅಧ್ಯಯನದಲ್ಲಿ ಕಂಡಿದೆ. 50 ದಾಟಿದವರಿಗೆ ಮೇಲಿನ ಅಂಕಿ 120ರೊಳಗೆ. ಎಲ್ಲರಿಗೂ ಇದು ಹೊಂದದು. ನಿಮ್ಮ ಗುರಿಯನ್ನು ಡಾಕ್ಟರ ಬಾಯಿಂದಲೇ ಕೇಳಿ ಬರೆದುಕೊಳ್ಳಿ.

ಮೊದಲ ಆಯ್ಕೆಯ ಮಾತ್ರೆಗಳು ಟೆಲ್ಮಿಸಾರ್ಟನ್, ಲೋಸಾರ್ಟನ್ ಅಥವಾ ರಾಮಿಪ್ರಿಲ್ ಗುಂಪಿನವು. ಶುರು ಮಾಡಿದ ಎರಡರಿಂದ ನಾಲ್ಕು ವಾರದಲ್ಲಿ ಕ್ರಿಯಾಟಿನಿನ್, ಪೊಟ್ಯಾಸಿಯಂ ನೋಡಿಸಬೇಕು. ಕ್ರಿಯಾಟಿನಿನ್ ಸ್ವಲ್ಪ ಏರುವುದು ನಿರೀಕ್ಷಿತವೇ, ಶೇ 30ರೊಳಗಿದ್ದರೆ ಸಾಮಾನ್ಯವಾಗಿ ಮುಂದುವರಿಸುತ್ತಾರೆ. ‘ಮಾತ್ರೆಯಿಂದ ಕಿಡ್ನಿ ಹಾಳಾಯಿತು’ ಎಂದು ನೀವೇ ನಿಲ್ಲಿಸಬೇಡಿ. ಹೆಣ್ಣುಮಕ್ಕಳು ಗರ್ಭ ಧರಿಸುವ ಯೋಚನೆ ಬಂದೊಡನೆ ಡಾಕ್ಟರಿಗೆ ತಿಳಿಸಬೇಕು. ಈ ಗುಂಪಿನ ಮಾತ್ರೆ ಮಗುವಿಗೆ ಹಾನಿಕರ, ಬೇರೆಯದಕ್ಕೆ ಬದಲಾಯಿಸಲೇಬೇಕು. ವಾಂತಿಭೇದಿಯಾದ ದಿನ ಮಾತ್ರೆ ನಿಲ್ಲಿಸಬೇಕೇ ಎಂಬುದನ್ನು ಮೊದಲೇ ಕೇಳಿಟ್ಟುಕೊಳ್ಳಿ. ನಿರ್ಜಲೀಕರಣದ ಜೊತೆ ಇವು ಸೇರಿದರೆ ಕಿಡ್ನಿಗೆ ಏಟು ಬೀಳುತ್ತದೆ.

5. ರಕ್ತ ಮತ್ತು ಮೂತ್ರದ ಅಂಕಿಗಳನ್ನು ಸಾಲಾಗಿ ಜೋಡಿಸಿ

ಇಜಿಎಫ್‌ಆರ್ ಎಂದರೆ ಎರಡೂ ಕಿಡ್ನಿ ಸೇರಿ ನಿಮಿಷಕ್ಕೆ ಎಷ್ಟು ಮಿ.ಲೀ. ಸೋಸುತ್ತಿವೆ ಎಂಬ ಅಂದಾಜು. ಒಂದು ಅಂಕಿಯಿಂದ ಏನೂ ತಿಳಿಯದು. ಐದು ವರ್ಷದ ಇಳಿಜಾರು ನೋಡಬೇಕು. ವರ್ಷಕ್ಕೆ 3 ಅಥವಾ ಹೆಚ್ಚು ಇಳಿಯುತ್ತ ಬಂದಿದ್ದರೆ, ಬೇರೆ ಕಾರಣ ಕಾಣದಿದ್ದರೆ, ಅದು ವೇಗದ ಇಳಿಕೆ. ಒಂದೇ ಲ್ಯಾಬಿನಲ್ಲಿ ಮಾಡಿಸಿ. ಹಿಂದಿನ ರಾತ್ರಿ ಭರ್ಜರಿ ಮಾಂಸದೂಟ, ನೀರಿಲ್ಲದ ದಿನದ ಓಡಾಟ, ಜಿಮ್ಮಿನವರು ತಿನ್ನಿಸುವ ಕ್ರಿಯಾಟೀನ್ ಪುಡಿ, ಇವೆಲ್ಲ ಅಂಕಿಯನ್ನು ಏರುಪೇರು ಮಾಡುತ್ತವೆ.

ಮೂತ್ರದಲ್ಲಿ ಪ್ರೋಟೀನ್ ಎಷ್ಟು ಎಂದೂ ನೋಡಿಸಿ. ಪಿಕೆಡಿಯಲ್ಲಿ ಅದು ದಿನಕ್ಕೆ 1 ಗ್ರಾಂ ದಾಟುವುದು ಅಪರೂಪ. ದಾಟಿದ್ದರೆ ಸಕ್ಕರೆ ಕಾಯಿಲೆಯಂಥ ಇನ್ನೊಂದು ಕಾರಣ ಜೊತೆಗಿರಬಹುದು, ‘ಎಲ್ಲ ಗುಳ್ಳೆಯಿಂದಲೇ’ ಎಂದು ಬಿಟ್ಟುಬಿಡಬಾರದು.

6. ಜೀನ್ ಪರೀಕ್ಷೆ: ಎಲ್ಲರಿಗೂ ಬೇಡ

ಮನೆತನದ ಚರಿತ್ರೆಯೂ ಸ್ಕ್ಯಾನೂ ಸ್ಪಷ್ಟವಾಗಿದ್ದರೆ ಇದಿಲ್ಲದೆ ನಡೆಯುತ್ತದೆ. ಮನೆಯಲ್ಲಿ ಯಾರಿಗೂ ಇಲ್ಲದಿದ್ದರೆ, ಗುಳ್ಳೆಗಳ ಹರಡುವಿಕೆ ವಿಚಿತ್ರವಾಗಿದ್ದರೆ, ಕಿಡ್ನಿ ದಾನಕ್ಕೆ ಎಳೆಯ ವಯಸ್ಸಿನ ಬಂಧು ಮುಂದೆ ಬಂದಿದ್ದರೆ, ಮಗುವಿನ ಯೋಜನೆ ಇದ್ದರೆ ಇದು ಬೇಕಾಗುತ್ತದೆ. ಪಿಕೆಡಿ1 ಜೀನ್‌ಗೆ ಅದನ್ನೇ ಹೋಲುವ ಆರು ನಕಲು ತುಣುಕುಗಳು ಪಕ್ಕದಲ್ಲೇ ಇವೆ, ಮಾಮೂಲಿ ಪರೀಕ್ಷೆ ಅಲ್ಲಿ ತಪ್ಪುತ್ತದೆ. ‘ಪಿಕೆಡಿ1ರ ನಕಲು ಭಾಗವನ್ನು ಹೇಗೆ ನಿಭಾಯಿಸುತ್ತೀರಿ?’ ಎಂದು ಹಣ ಕಟ್ಟುವ ಮೊದಲೇ ಲ್ಯಾಬಿಗೆ ಕೇಳಿ. ವರದಿ ಓದಲು ಜೆನೆಟಿಕ್ ಕೌನ್ಸೆಲರ್ ಬೇಕು. ಎಲೆಕ್ಟ್ರಾನಿಕ್ ಸಿಟಿಯ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್‌ನಂಥ ಕಡೆ ವಿಚಾರಿಸಬಹುದು.

ಫಲಿತಾಂಶ ಕೈಗೆ ಬಂದರೆ, ಕಿಡ್ನಿ ಬೇಗ ಸೋಲುವ ಸಾಧ್ಯತೆ ಎಷ್ಟೆಂದು ಅಂದಾಜಿಸುವ ಪ್ರೊಪಿಕೆಡಿ ಅಂಕ ಲೆಕ್ಕ ಹಾಕಬಹುದು. ಗಂಡಸಾದರೆ 1; 35ರೊಳಗೆ ಬಿಪಿ ಬಂದಿದ್ದರೆ 2; 35ರೊಳಗೆ ಮೂತ್ರದಲ್ಲಿ ರಕ್ತ, ಗುಳ್ಳೆಯ ಸೋಂಕು ಅಥವಾ ಗುಳ್ಳೆಯಿಂದ ಪಕ್ಕೆನೋವು ಆಗಿದ್ದರೆ 2; ಪಿಕೆಡಿ2 ದೋಷಕ್ಕೆ 0, ಪಿಕೆಡಿ1ರ ಸೌಮ್ಯ ದೋಷಕ್ಕೆ 2, ಪ್ರೋಟೀನ್ ಅರ್ಧಕ್ಕೇ ತುಂಡಾಗುವ ಪಿಕೆಡಿ1 ದೋಷಕ್ಕೆ 4. ಒಟ್ಟು 3ರೊಳಗಿದ್ದರೆ 60ಕ್ಕೆ ಮೊದಲು ಡಯಾಲಿಸಿಸ್ ಹಂತ ತಲುಪುವ ಸಾಧ್ಯತೆ ಕಡಿಮೆ. 7 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಸಾಧ್ಯತೆ ಬಹಳ ಹೆಚ್ಚು. 35 ತುಂಬದವರಿಗೆ ಈ ಲೆಕ್ಕ ಅಪೂರ್ಣ. ಇನ್ನೂ ಬಾರದ ಬಿಪಿಗೆ ಸೊನ್ನೆ ಹಾಕಿಕೊಂಡು ಸಮಾಧಾನಪಡಬೇಡಿ.

7. ಅಡಿಗೆಮನೆ ಮತ್ತು ಮೆಡಿಕಲ್ ಸ್ಟೋರ್

ಉಪ್ಪು ದಿನಕ್ಕೆ ಒಬ್ಬರಿಗೆ 5 ಗ್ರಾಂ ಒಳಗಿರಬೇಕು, ಅಂದರೆ ಸಮತಟ್ಟಾದ ಒಂದು ಟೀ ಚಮಚ, ಎಲ್ಲ ಸೇರಿ. ನಾಲ್ಕು ಜನರ ಮನೆಗೆ ತಿಂಗಳಿಗೆ 600 ಗ್ರಾಂ. ನಿಮ್ಮ ಮನೆಯಲ್ಲಿ ಒಂದು ಕಿಲೋ ಪ್ಯಾಕೆಟ್ ತಿಂಗಳಿಗೆ ಖಾಲಿಯಾಗುತ್ತಿದ್ದರೆ ತಲೆಗೆ 8 ಗ್ರಾಂ ದಾಟಿತು. ಬೇಕರಿಯ ಖಾರಾ ಬನ್, ಕಾಂಗ್ರೆಸ್ ಕಡಲೆಕಾಯಿ, ದರ್ಶಿನಿಯ ಸಾಂಬಾರು ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಉಪ್ಪು ಹಾಕಿದ ಮಜ್ಜಿಗೆ ಮೊದಲು ಕಡಿಮೆ ಮಾಡಿ. ಸಾರಿನ ಉಪ್ಪಿಗೆ ಕೈ ಹಾಕುವುದು ಆಮೇಲೆ. ಅನುಮಾನವಿದ್ದರೆ 24 ಗಂಟೆಯ ಮೂತ್ರದ ಸೋಡಿಯಂ ಪರೀಕ್ಷೆ ನಿಜ ಹೇಳುತ್ತದೆ. ‘ಲೋ ಸೋಡಿಯಂ’ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ. ಟೆಲ್ಮಿಸಾರ್ಟನ್‌ನಂಥ ಮಾತ್ರೆಯಲ್ಲಿರುವವರು ಡಾಕ್ಟರನ್ನು ಕೇಳದೆ ಅದನ್ನು ಮನೆಗೆ ತರಬೇಡಿ.

ನೀರು ದಿನಕ್ಕೆ ಎರಡರಿಂದ ಮೂರು ಲೀಟರ್. ಇಜಿಎಫ್‌ಆರ್ 30ಕ್ಕಿಂತ ಕೆಳಗಿದ್ದರೆ ಅಥವಾ ಹೃದಯದ ತೊಂದರೆ ಇದ್ದರೆ ಕೇಳಿಯೇ ಕುಡಿಯಬೇಕು. ಲೀಟರ್‌ಗಟ್ಟಲೆ ಹೆಚ್ಚು ಕುಡಿದರೆ ಗುಳ್ಳೆ ಕುಗ್ಗುತ್ತದೆ ಎಂಬ ಆಸೆ ಮೂರು ವರ್ಷದ ಪ್ರಯೋಗದಲ್ಲಿ ಫಲಿಸಲಿಲ್ಲ. ಕಾವೇರಿ ನೀರೋ ಬೋರ್‌ವೆಲ್ ನೀರೋ ಎಂಬುದಕ್ಕೂ ಗುಳ್ಳೆಗೂ ಸಂಬಂಧವಿಲ್ಲ. ದಿನಕ್ಕೆರಡು ಕಾಫಿಗೆ ಹೆದರಬೇಕಾಗಿಲ್ಲ. ತೂಕ ಹೆಚ್ಚಿದ್ದವರಲ್ಲಿ ಕಿಡ್ನಿ ಬೇಗ ಬೆಳೆಯುತ್ತದೆ, ಅದನ್ನು ಇಳಿಸಿ. ಬೀಡಿ ಸಿಗರೇಟು ಪೂರ್ತಿ ಬಿಡಿ.

ನೋವಿನ ಮಾತ್ರೆಯ ವಿಷಯದಲ್ಲಿ ಕಟ್ಟುನಿಟ್ಟಾಗಿರಿ. ಡೈಕ್ಲೋಫೆನಾಕ್, ಐಬುಪ್ರೊಫೆನ್, ಅಸಿಕ್ಲೋಫೆನಾಕ್, ನಿಮೆಸುಲೈಡ್, ಇವು ಕಿಡ್ನಿಗೆ ಹರಿಯುವ ರಕ್ತವನ್ನು ತಗ್ಗಿಸುತ್ತವೆ. ಅಂಗಡಿಯವರು ‘ಪ್ಯಾರಾಸಿಟಮಾಲೇ’ ಎಂದು ಕೊಟ್ಟ ಪಟ್ಟಿಯನ್ನೂ ತಿರುಗಿಸಿ ಓದಿ. ಅಸಿಕ್ಲೋಫೆನಾಕ್ ಜೊತೆಗೂಡಿದ ಮಾತ್ರೆಗಳು ನಮ್ಮಲ್ಲಿ ಹೇರಳ. ಗುಳ್ಳೆ ಕರಗಿಸುವ ಭಸ್ಮ, ಬೇರು, ಪುಡಿ ಎಂದು ಮಾರುವವರಿಂದ ದೂರವಿರಿ. ಭಾರ ಲೋಹ ಬೆರೆತಿದ್ದರೆ, ಉಳಿದಿರುವ ಕಿಡ್ನಿಯನ್ನೂ ಅವು ಕೆಡಿಸುತ್ತವೆ. ಕಲ್ಲಿಗೆ ಹೇಳುವ ಬಾಳೆದಿಂಡಿನ ರಸ ಗುಳ್ಳೆಯನ್ನು ಕರಗಿಸುವುದಿಲ್ಲ. ಕಿಡ್ನಿ ದುರ್ಬಲವಾದವರಿಗೆ ಸ್ಟಾರ್ ಫ್ರೂಟ್, ಅಂದರೆ ಕರಾವಳಿಯವರ ಧಾರೆಹುಳಿ, ನಿಜಕ್ಕೂ ವಿಷ.

8. ಟೋಲ್ವಾಪ್ಟಾನ್ ಬಗ್ಗೆ ಕೇಳುವುದು

ವೇಗದ ದರ್ಜೆಯವರಲ್ಲಿ ಇಳಿಕೆಯನ್ನು ನಿಧಾನಿಸುತ್ತದೆ ಎಂದು ತೋರಿರುವ ಔಷಧ ಇದು. 2017ರ ರಿಪ್ರೈಸ್ ಅಧ್ಯಯನದಲ್ಲಿ ಇಜಿಎಫ್‌ಆರ್ ವರ್ಷಕ್ಕೆ 3.61 ಇಳಿಯುತ್ತಿದ್ದದ್ದು 2.34ಕ್ಕೆ ಬಂತು. ಗುಣವಾಗುವುದಿಲ್ಲ, ಕಾಲ ಸಿಗುತ್ತದೆ. ಎದ್ದೊಡನೆ ಒಂದು, ಎಂಟು ಗಂಟೆ ಬಿಟ್ಟು ಇನ್ನೊಂದು ಡೋಸು. ಸಾಮಾನ್ಯವಾಗಿ 45 ಮತ್ತು 15 ಮಿ.ಗ್ರಾಂನಿಂದ ಶುರು. ದಿನಕ್ಕೆ ಐದಾರು ಲೀಟರ್ ಮೂತ್ರ ಹೋಗುತ್ತದೆ, ಅಷ್ಟೇ ನೀರು ಕುಡಿಯಬೇಕು. ಔಟರ್ ರಿಂಗ್ ರೋಡಿನಲ್ಲಿ ಒಂದೂವರೆ ಗಂಟೆ ಸಿಕ್ಕಿಹಾಕಿಕೊಳ್ಳುವ ಕೆಲಸದವರು ಇದನ್ನು ಮೊದಲೇ ಯೋಚಿಸಬೇಕು. ಯಕೃತ್ತಿಗೆ ಅಪರೂಪವಾಗಿ ಗಂಭೀರ ಹಾನಿಯಾಗುವುದರಿಂದ ಮೊದಲ 18 ತಿಂಗಳು ತಿಂಗಳಿಗೊಮ್ಮೆ, ಆಮೇಲೆ ಮೂರು ತಿಂಗಳಿಗೊಮ್ಮೆ ಲಿವರ್ ಪರೀಕ್ಷೆ ತಪ್ಪಿಸುವಂತಿಲ್ಲ. ಕ್ಲಾರಿಥ್ರೋಮೈಸಿನ್, ಇಟ್ರಾಕೊನಜೋಲ್, ಡಿಲ್ಟಿಯಾಜೆಮ್ ಇದರ ಮಟ್ಟವನ್ನು ರಕ್ತದಲ್ಲಿ ಏರಿಸುತ್ತವೆ. ಸೋಡಿಯಂ ಕಡಿಮೆಯಾದವರಿಗೆಂದು 15 ಮಿ.ಗ್ರಾಂ ಮಾತ್ರೆ ಅಂಗಡಿಯಲ್ಲಿ ಸಿಗುತ್ತದೆ. ಅದನ್ನು ತಂದು ನೀವೇ ಶುರು ಮಾಡಬೇಡಿ. 1ಎ ದರ್ಜೆಯವರಿಗೆ ಇದರ ಕಷ್ಟವೇ ಹೆಚ್ಚು, ಲಾಭ ಕಡಿಮೆ.

9. ಕಾಯಬಾರದ ಲಕ್ಷಣಗಳು

ಚಳಿಜ್ವರದ ಜೊತೆ ಪಕ್ಕೆನೋವು ಬಂದರೆ ಗುಳ್ಳೆಯ ಸೋಂಕಿರಬಹುದು. ಮೂತ್ರದ ಕಲ್ಚರ್‌ನಲ್ಲಿ ಏನೂ ಬಾರದಿದ್ದರೂ ಅದನ್ನು ತಳ್ಳಿಹಾಕುವಂತಿಲ್ಲ, ಎಲ್ಲ ಆಂಟಿಬಯಾಟಿಕ್‌ಗಳೂ ಗುಳ್ಳೆಯೊಳಗೆ ಇಳಿಯುವುದಿಲ್ಲ. ಮೂತ್ರ ಕೆಂಪಾದರೆ ವಿಶ್ರಾಂತಿ, ನೀರು, ಡಾಕ್ಟರಿಗೆ ಫೋನು. ಸಾಮಾನ್ಯವಾಗಿ ವಾರದೊಳಗೆ ನಿಲ್ಲುತ್ತದೆ, ಗಡ್ಡೆ ಗಡ್ಡೆಯಾಗಿ ಹೋದರೆ ಆಸ್ಪತ್ರೆಗೆ ಹೋಗಿ. ಕ್ಷಣದಲ್ಲಿ ತಾರಕಕ್ಕೇರುವ, ಹಿಂದೆಂದೂ ಕಾಣದ ತಲೆನೋವಿಗೆ ಮಾತ್ರೆ ನುಂಗಿ ಮಲಗಬೇಡಿ, ನೇರ ತುರ್ತುಚಿಕಿತ್ಸೆಗೆ ಹೋಗಿ. ಮೆದುಳಿನ ರಕ್ತನಾಳ ಉಬ್ಬಿ ಒಡೆಯುವ ಸಾಧ್ಯತೆ ಈ ಕಾಯಿಲೆಯವರಲ್ಲಿ ಹೆಚ್ಚು. ಎರಡನೇ ಹಂತದ ಪಟ್ಟಿಯಲ್ಲಿ ಅಂಥ ಸಾವು ಇದ್ದರೆ, ಲಕ್ಷಣವಿಲ್ಲದಿದ್ದರೂ ಮೆದುಳಿನ ಎಂಆರ್ ಆಂಜಿಯೋಗ್ರಾಂ ಬೇಕೇ ಎಂದು ಕೇಳಿ.

10. ಮನೆಯ ಉಳಿದವರು

ಮಕ್ಕಳಿಗೆ ಗುಳ್ಳೆ ಹುಡುಕಲು ಅವಸರದ ಸ್ಕ್ಯಾನ್ ಬೇಡ. ಐದು ವರ್ಷದಿಂದ ವರ್ಷಕ್ಕೊಮ್ಮೆ ಬಿಪಿ ನೋಡಿಸುವುದು ಮಾತ್ರ ಬೇಕೇ ಬೇಕು. ಇಜಿಎಫ್‌ಆರ್ 30ಕ್ಕಿಂತ ಇಳಿದವರು ಬರೆಯದ ಕೈಯ ಮುಂಗೈ ರಕ್ತನಾಳಗಳಿಗೆ ಸೂಜಿ ಚುಚ್ಚಿಸಿಕೊಳ್ಳಬೇಡಿ, ಮುಂದೆ ಡಯಾಲಿಸಿಸ್‌ಗಾಗಿ ಫಿಸ್ಟುಲಾ (ರಕ್ತನಾಳಗಳ ಜೋಡಣೆ) ಮಾಡಲು ಅವೇ ಬೇಕು. ರಕ್ತ ತೆಗೆಯುವವರಿಗೆ ಅಂಗೈ ಹಿಂಭಾಗ ತೋರಿಸಿ. ಇಜಿಎಫ್‌ಆರ್ 20ರ ಹತ್ತಿರ ಬರುವ ಮೊದಲೇ ಕಸಿಯ ಮಾತು ಶುರುವಾಗಬೇಕು. ಮೃತ ದಾನಿಯ ಕಿಡ್ನಿಗೆ ರಾಜ್ಯದ ಅಂಗದಾನ ವ್ಯವಸ್ಥೆಯಾದ ಜೀವಸಾರ್ಥಕತೆಯಲ್ಲಿ ಆಸ್ಪತ್ರೆಯ ಮೂಲಕವೇ ಹೆಸರು ನೋಂದಾಯಿಸಬೇಕು. ಮನೆಯವರೇ ಕೊಡುವುದಾದರೆ, 40ರೊಳಗಿನ ತಮ್ಮನೋ ತಂಗಿಯೋ ‘ಅಲ್ಟ್ರಾಸೌಂಡ್ ನಾರ್ಮಲ್’ ಎಂದಷ್ಟೇ ಹೇಳಿ ಮುಂದೆ ಬಂದರೆ ಸಾಲದು. ಆ ವಯಸ್ಸಿನಲ್ಲಿ ಎಂಆರ್‌ಐನಲ್ಲಿ ಎರಡೂ ಕಿಡ್ನಿ ಸೇರಿ ಐದಕ್ಕಿಂತ ಕಡಿಮೆ ಗುಳ್ಳೆ ಇರಬೇಕು, ಅನುಮಾನ ಉಳಿದರೆ ಮನೆತನದ ಜೀನ್ ದೋಷ ಅವರಲ್ಲಿ ಇಲ್ಲವೆಂದು ಪರೀಕ್ಷೆಯಿಂದಲೇ ಗೊತ್ತಾಗಬೇಕು.